ಚಿತ್ರದ ಮೂಲೆಯಲ್ಲಿ 'ಹಲಸೂರ ಕೆರೆ'

ನಾನಿರುವುದು ಅಮೆರಿಕದ ಓಹಾಯೋದಲ್ಲಿ. ಇಲ್ಲಿನ ಗ್ರಂಥಾಲಯದ ಹಳೆಯ ಕಾಗದಪತ್ರ ವಿಭಾಗದಲ್ಲಿ ವಾರಕ್ಕೆ ಎರಡು ದಿನ ಕೆಲಸ ಮಾಡುತ್ತೇನೆ. ಹೋದ ಚಳಿಗಾಲ ಪಕ್ಕದ ಮನೆಯ ಹಿರಿಯರೊಬ್ಬರು ತಮ್ಮ ತಂದೆಯ ತಗಡಿನ ಪೆಟ್ಟಿಗೆ ತಂದಿಟ್ಟರು. ತಂದೆ ಎರಡನೇ ಮಹಾಯುದ್ಧದಲ್ಲಿ ವಿಮಾನದ ಮೆಕ್ಯಾನಿಕ್ ಆಗಿದ್ದವರು. "ಅಪ್ಪ ಬರ್ಮಾದಲ್ಲಿದ್ದರು ಅಂತ ನಮ್ಮ ಅಂದಾಜು. ನೀವೊಂದು ಸಲ ನೋಡ್ತೀರಾ?" ಎಂದು ಕೇಳಿದರು.

ಮುಚ್ಚಳ ತೆಗೆದ ಕೂಡಲೇ ಡಾಂಬರು ಗುಳಿಗೆಯ ವಾಸನೆ. ಎಲ್ಲವನ್ನೂ ಹೊರಗೆ ಹರಡಿ ನೋಡುವ ಆಸೆ ಯಾರಿಗಾದರೂ ಆಗುತ್ತದೆ. ನಾನು ಹಾಗೆ ಮಾಡಲಿಲ್ಲ. ಪೆಟ್ಟಿಗೆ ಇದ್ದ ಹಾಗೇ ಫೋಟೋ ತೆಗೆದೆ. ಒಂದೊಂದು ಪದರ ಎತ್ತಿದಾಗಲೂ ಮತ್ತೊಂದು ಫೋಟೋ. ಯಾವ ಪತ್ರದ ಜೊತೆ ಯಾವ ಚಿತ್ರ ಕಟ್ಟಿದ್ದರು ಅನ್ನುವುದೂ ಒಂದು ಮಾಹಿತಿ. ಅದು ಒಮ್ಮೆ ಕಲಸಿಹೋದರೆ ಮತ್ತೆ ಸಿಗುವುದಿಲ್ಲ.

ಒಳಗೆ ಏನೇನಿತ್ತು? ಭುಜಕ್ಕೆ ಹೊಲಿಯುವ ಸಿ.ಬಿ.ಐ. ಬಿಲ್ಲೆ, ಅಂದರೆ ಚೀನಾ–ಬರ್ಮಾ–ಇಂಡಿಯಾ ರಣರಂಗದ ಗುರುತು. ಗುರಾಣಿಯ ಆಕಾರ, ಮೇಲೆ ಚೀನಾದ ಸೂರ್ಯ ಮತ್ತು ಭಾರತದ ನಕ್ಷತ್ರ, ಕೆಳಗೆ ಕೆಂಪು ಬಿಳಿ ಪಟ್ಟೆ. ನಮ್ಮ ಕಡೆಯ ಜರತಾರಿ ಕೆಲಸ, ನೋಡಿದರೇ ಗೊತ್ತಾಗುತ್ತಿತ್ತು. ಆರನೇ ಜಾರ್ಜನ ಒಂದು ರೂಪಾಯಿ ನೋಟಿಗೆ ಬೇರೆ ದೇಶಗಳ ನೋಟು ಅಂಟಿಸಿ, ಗೆಳೆಯರ ಸಹಿ ಹಾಕಿಸಿದ ಉದ್ದನೆಯ ಸರ. ಇದಕ್ಕೆ ಆಗಿನ ಯೋಧರು 'ಶಾರ್ಟ್ ಸ್ನಾರ್ಟರ್' ಎನ್ನುತ್ತಿದ್ದರು. ಒಂದು ಕಟ್ಟು ವಿ-ಮೇಲ್. ಯೋಧರ ಪತ್ರಗಳನ್ನು ಮೈಕ್ರೋಫಿಲ್ಮಿಗೆ ಇಳಿಸಿ, ಅಮೆರಿಕ ತಲುಪಿದ ಮೇಲೆ ಸಣ್ಣ ಕಾಗದದಲ್ಲಿ ಮುದ್ರಿಸಿ ಮನೆಗೆ ಮುಟ್ಟಿಸುತ್ತಿದ್ದ ವ್ಯವಸ್ಥೆ ಅದು. ಸೆನ್ಸಾರ್ ಇದ್ದದ್ದರಿಂದ ಪತ್ರಗಳಲ್ಲಿ ಊರಿನ ಹೆಸರೇ ಇರಲಿಲ್ಲ.

ಮತ್ತೆ ಹನ್ನೊಂದು ಚಿತ್ರಗಳು. ಪೆನ್ಸಿಲ್, ಜಲವರ್ಣ, ಇದ್ದಿಲು.

ಮೊದಲ ತಪ್ಪು ಇದ್ದಿಲಿನ ಚಿತ್ರದಲ್ಲೇ ಆಯಿತು. ಫೋಟೋಗಳಿಗೆ ಹಾಕುವ ಪಾಲಿಯೆಸ್ಟರ್ ಕವರಿಗೆ ಅದನ್ನೂ ಜಾರಿಸಿದೆ. ಆ ಪ್ಲಾಸ್ಟಿಕ್ಕಿನಲ್ಲಿ ಸ್ಥಾಯಿ ವಿದ್ಯುತ್ ಇರುತ್ತದೆ, ಇದ್ದಿಲ ಪುಡಿಯನ್ನು ಎಳೆದುಕೊಳ್ಳುತ್ತದೆ. ಹೊರತೆಗೆದಾಗ ಒಬ್ಬ ಹುಡುಗನ ಕೆನ್ನೆಯ ನೆರಳು ಕವರಿಗೆ ಅಂಟಿಕೊಂಡು ಬಂದಿತ್ತು. ಎಂಬತ್ತು ವರ್ಷ ಉಳಿದ ಗೆರೆ ನನ್ನ ಕೈಯಲ್ಲಿ ಹೋಯಿತಲ್ಲ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ. ಇದ್ದಿಲು, ಪೇಸ್ಟಲ್ ಚಿತ್ರಗಳಿಗೆ ಮೇಲಿನಿಂದ ಏನೂ ತಾಗಬಾರದು. ಸುತ್ತ ದಪ್ಪ ರಟ್ಟಿನ ಚೌಕಟ್ಟು ಕೊಟ್ಟು, ಆಮ್ಲ ಇಲ್ಲದ ಕಾಗದದ ಫೋಲ್ಡರಿನಲ್ಲಿ ಮಲಗಿಸಿಡಬೇಕು. ಈಗ ಹಾಗೇ ಇಟ್ಟಿದ್ದೇನೆ.

ಉಳಿದದ್ದು ಸುಲಭವಿತ್ತು. ತುಕ್ಕು ಹಿಡಿದ ಕ್ಲಿಪ್ಪುಗಳನ್ನು ಎಳೆಯದೆ, ಕೆಳಗೆ ತೆಳು ಪ್ಲಾಸ್ಟಿಕ್ ತೂರಿಸಿ ನಿಧಾನಕ್ಕೆ ಬಿಡಿಸಿದೆ. ಜರತಾರಿ ಕಪ್ಪಾಗಿತ್ತು, ಉಜ್ಜಲಿಲ್ಲ. ನೋಟಿನ ಸರದ ಅಂಟುಪಟ್ಟಿ ಹಳದಿಯಾಗಿ ಬಿರುಸಾಗಿತ್ತು, ಅದನ್ನೂ ಮುಟ್ಟಲಿಲ್ಲ. ಅದು ತರಬೇತಾದ ಸಂರಕ್ಷಕರ ಕೆಲಸ. ಜಲವರ್ಣ ಚಿತ್ರಗಳನ್ನು ಒತ್ತಡ ಹಾಕದೆ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿದೆ. ಗೋಡೆಗೆ ಹಾಕುವ ಆಸೆ ಇದ್ದರೆ ಪ್ರತಿ ಹಾಕಿ, ಮೂಲ ಕತ್ತಲಲ್ಲಿ ಇರಲಿ ಅಂದೆ. ಬೆಳಕಿಗೆ ಹೋದ ಬಣ್ಣ ವಾಪಸ್ ಬರುವುದಿಲ್ಲ.

ಆರನೇ ಚಿತ್ರ ನೋಡುವಾಗ ನನ್ನ ಕೈ ನಿಂತಿತು. ನೀರು, ದಡದಲ್ಲಿ ಮರಗಳು, ಎಮ್ಮೆ ತೊಳೆಯುವ ಇಬ್ಬರು. ಹಿಂಬದಿ ಮನೆಯವರು ಯಾರೋ 'ಬರ್ಮಾ, ಕೆರೆ' ಎಂದು ಪೆನ್ನಿನಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದರು. ಮುಂದಿನ ಮೂಲೆಯಲ್ಲಿ ಬೇರೆ ಯಾರದ್ದೋ ಕೈಬರಹ, ಪೆನ್ಸಿಲಿನಲ್ಲಿ: 'ಹಲಸೂರ ಕೆರೆ'.

ದುಂಡಗಿನ ಅಕ್ಷರ ನೋಡಿ ಬರ್ಮಾದ ಲಿಪಿ ಅಂದುಕೊಂಡಿದ್ದರು, ಪಾಪ. ನಾನು ಜೋರಾಗಿ ಓದಿದೆ. ಅವರು ಇನ್ನೊಮ್ಮೆ ಓದಿಸಿದರು.

ಹಲಸೂರು ಇರುವುದು ಬೆಂಗಳೂರಿನಲ್ಲಿ. ಅಲ್ಲಿಂದ ಉಳಿದದ್ದೆಲ್ಲ ಕೂಡಿಕೊಂಡಿತು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಶುರುವಾದದ್ದು 1940ರಲ್ಲಿ. 1943ರಲ್ಲಿ ಅದರ ಆಡಳಿತ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಯಿತು, 84ನೇ ಏರ್ ಡಿಪೋ ಎಂಬ ಹೆಸರಿನಲ್ಲಿ. ಈ ರಣರಂಗದ ವಿಮಾನಗಳು ರಿಪೇರಿಗೆ ಅಲ್ಲಿಗೆ ಬರುತ್ತಿದ್ದವು, ನೀರಿನ ಮೇಲೆ ಇಳಿಯುವ ಕ್ಯಾಟಲಿನಾಗಳೂ ಸೇರಿದಂತೆ. ಒಂಬತ್ತನೇ ಚಿತ್ರದಲ್ಲಿ ರೆಕ್ಕೆ ಬಿಚ್ಚಿದ ಕ್ಯಾಟಲಿನಾ ಇದೆ. ತಂದೆ ಬರ್ಮಾದಲ್ಲಿದ್ದರೆ ಅಷ್ಟು ದೊಡ್ಡ ಕಾರ್ಖಾನೆಯ ಒಳಗೆ ಕೂತು ಅದನ್ನು ಬರೆಯುವುದು ಹೇಗೆ?

ಅದಕ್ಕೇ ಈ ಕೆಲಸಕ್ಕೆ ಇಳಿಯುವವರಿಗೆ ನಾನು ಮೊದಲು ಹೇಳುವುದು: ದುಬಾರಿ ಡಬ್ಬಿ ಆಮೇಲೆ ಕೊಳ್ಳಿ. ಮೊದಲು ಚಿತ್ರದ ಮೇಲಿರುವ ಅಕ್ಷರ ಯಾವ ಭಾಷೆಯದ್ದು ಅಂತ ಬಲ್ಲವರಿಗೆ ತೋರಿಸಿ. ಗೊತ್ತಿಲ್ಲದ ಊರಿನ ಹೆಸರನ್ನು ಸುಮ್ನೆ ಊಹಿಸಿ ಬರೆಯಬೇಡಿ. ಬರೆಯಲೇಬೇಕಿದ್ದರೆ ಮೆತ್ತನೆ ಪೆನ್ಸಿಲಿನಲ್ಲಿ, ಹಿಂಬದಿಯ ಅಂಚಿನಲ್ಲಿ ಮಾತ್ರ.

ಅಮೆರಿಕದ ಸರ್ಕಾರಿ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ 2000ರಲ್ಲಿ ಶುರುವಾದ 'ವೆಟರನ್ಸ್ ಹಿಸ್ಟರಿ ಪ್ರಾಜೆಕ್ಟ್' ಯೋಧರ ಪತ್ರ, ಫೋಟೋ, ಚಿತ್ರಗಳನ್ನು ಪಡೆದು ಕಾಪಾಡುತ್ತದೆ. ಸಮವಸ್ತ್ರ, ಬಿಲ್ಲೆಗಳನ್ನು ಮಾತ್ರ ತೆಗೆದುಕೊಳ್ಳುವುದಿಲ್ಲ. ಪೆಟ್ಟಿಗೆಯಲ್ಲಿದ್ದದ್ದು ಎರಡು ಕಡೆ ಹಂಚಿಹೋಗುವುದು ಪಕ್ಕದ ಮನೆಯ ಹಿರಿಯರಿಗೆ ಇಷ್ಟವಿಲ್ಲ, ನನಗೂ ಇಲ್ಲ. ಸದ್ಯಕ್ಕೆ ಅವರ ಮನೆಯಲ್ಲೇ ಇದೆ, ತೇವ ಬರದ ಒಳಗಿನ ಕೋಣೆಯಲ್ಲಿ.

'ಬರ್ಮಾ, ಕೆರೆ' ಎಂಬ ಬರಹವನ್ನು ಅಳಿಸಲಿಲ್ಲ. ಅದೂ ಆ ಮನೆಯ ಕಥೆಯೇ. ಫೋಲ್ಡರಿನ ಮೇಲೆ ಸರಿಯಾದ ಹೆಸರು ಬರೆಯಲು ನಾನು ಪೆನ್ಸಿಲ್ ಎತ್ತಿಕೊಂಡಾಗ ಅವರು ತಡೆದರು. ಚಿತ್ರ ಪಕ್ಕದಲ್ಲಿಟ್ಟುಕೊಂಡು, ಒಂದೊಂದೇ ಅಕ್ಷರ ನೋಡಿ, ತಾವೇ ಬರೆದರು. 'ಲ'ದ ಸುರುಳಿಗೆ ತುಂಬ ಹೊತ್ತು ಹಿಡಿಯಿತು.