ಪೌಡ್ ರಸ್ತೆಯ ಕಾಂಪೌಂಡ್ ಗೋಡೆಗಳು: ಮೆಟ್ರೋ ಪಕ್ಕದ ಓಣಿಗಳಲ್ಲಿ ನನ್ನ ಅನುಭವ

ಪುಣೆಯಲ್ಲಿ ನಗರ ಯೋಜನೆಯ ಕೆಲಸ ಮಾಡುವ ನಮ್ಮಂಥವರ ಟೇಬಲ್ ಮೇಲೆ ಯಾವಾಗಲೂ ಎರಡು ನಕ್ಷೆ ಇರುತ್ತವೆ. ಒಂದು ಡಿಪಿ, ಅಂದರೆ ಡೆವಲಪ್‌ಮೆಂಟ್ ಪ್ಲಾನ್. ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಶಾಲೆಗೆ ಜಾಗ ಮೀಸಲು ಎಂದು ಅದು ಹೇಳುತ್ತದೆ. ಇನ್ನೊಂದು ಮೆಟ್ರೋ, ಬಸ್ಸುಗಳ ನಕ್ಷೆ. ಮಾಡುವವರೂ ಬೇರೆ, ಮಾಡಿದ ಕಾಲವೂ ಬೇರೆ. ಪುಣೆ ಪಾಲಿಕೆಯ ಹಳೆ ಗಡಿಯೊಳಗಿನ ಡಿಪಿಗೆ ಸರ್ಕಾರದ ಮಂಜೂರಾತಿ ಸಿಕ್ಕಿದ್ದು 2017ರ ಜನವರಿಯಲ್ಲಿ. ವನಾಜ್‌ನಿಂದ ಗರವಾರೆ ಕಾಲೇಜಿನವರೆಗೆ ಮೆಟ್ರೋ ಓಡಿದ್ದು 2022ರ ಮಾರ್ಚ್‌ನಲ್ಲಿ. ಎರಡೂ ನಕ್ಷೆ ಕೂಡಬೇಕಾದ ಜಾಗ ನಮ್ಮ ನಿಮ್ಮ ಓಣಿ. ಅದನ್ನು ಕೂಡಿಸುವುದು ಯಾರ ಕೆಲಸ ಅಂತ ಮಾತ್ರ ಯಾರೂ ಹೇಳುವುದಿಲ್ಲ.

ನನ್ನ ಮನೆ ಕೋಥ್ರೂಡ್‌ನಲ್ಲಿ. ಹಾಗಾಗಿ ಆಫೀಸಿನ ಕೆಲಸದ ಹೊರಗೆ, ರಜೆಯ ದಿನಗಳಲ್ಲಿ, ಪೌಡ್ ರಸ್ತೆಯ ಒಂದು ಸ್ಟೇಷನ್ ಹಿಡಿದುಕೊಂಡು ಅಕ್ಕಪಕ್ಕದವರ ಜೊತೆ ಈ ಕೆಲಸ ಶುರು ಮಾಡಿದೆ.

ಮೆಟ್ರೋ ಸ್ಟೇಷನ್ ಸುತ್ತ 500 ಮೀಟರ್ ವೃತ್ತ ಎಳೆದು, ಪ್ಲಾಟಿನ ಅಳತೆ, ಮುಂದಿನ ರಸ್ತೆಯ ಅಗಲ ನೋಡಿ 4ರವರೆಗೆ ಎಫ್ಎಸ್ಐ ಕೊಡುವ ನಿಯಮ ಪುಣೆಯಲ್ಲಿದೆ. ಅಂದರೆ 1,000 ಚದರ ಮೀಟರ್ ಪ್ಲಾಟಿನಲ್ಲಿ 4,000 ಚದರ ಮೀಟರ್‌ವರೆಗೆ ಕಟ್ಟಬಹುದು. ಸ್ಟೇಷನ್ ಹತ್ತಿರ ಜಾಸ್ತಿ ಜನ ಇದ್ದರೆ ಜಾಸ್ತಿ ಜನ ಮೆಟ್ರೋ ಹತ್ತುತ್ತಾರೆ, ಅಲ್ವಾ? ತರ್ಕ ಸರಿಯಾಗೇ ಇದೆ. ಆದರೆ ವೃತ್ತಕ್ಕೆ ಗುಡ್ಡ ಗೊತ್ತಿಲ್ಲ, ಗೋಡೆ ಗೊತ್ತಿಲ್ಲ. ಪೌಡ್ ರಸ್ತೆಯ ಉತ್ತರಕ್ಕೆ ಟೇಕಡಿ, ಅಂದರೆ ಗುಡ್ಡ. ಅದರ ಇಳಿಜಾರಿನಲ್ಲಿ ವಸ್ತಿಗಳು, ಅಂದರೆ ಬಡವರ ಕೇರಿಗಳು. ದಕ್ಷಿಣಕ್ಕೆ ಒಂದಕ್ಕೊಂದು ಬೆನ್ನು ಹಚ್ಚಿ ನಿಂತ ಹೌಸಿಂಗ್ ಸೊಸೈಟಿಗಳು, ಅಂದರೆ ಫ್ಲಾಟಿನವರೇ ಸಂಘ ಮಾಡಿಕೊಂಡು ನಡೆಸುವ ಅಪಾರ್ಟ್‌ಮೆಂಟುಗಳು.

ಡಿಪಿ ಶೀಟನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ಸ್ಟೇಷನ್ ಮೆಟ್ಟಿಲಿನಿಂದ ಏಳೇ ನಿಮಿಷ, ಅಂದರೆ 500 ಮೀಟರ್‌ಗೆ ಸುಮಾರಾಗಿ ಬೇಕಾಗುವಷ್ಟು ಹೊತ್ತು ನಡೆಯುವುದು, ಎಲ್ಲಿಗೆ ಮುಟ್ಟುತ್ತೇವೋ ಅಲ್ಲೊಂದು ಗುರುತು ಹಾಕುವುದು. ನನ್ನ ಜೊತೆ ಒಬ್ಬ ಅಜ್ಜಿ, ಕಾಲೇಜು ಹುಡುಗರು, ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡ ಒಬ್ಬ ತಾಯಿ. ಗುರುತುಗಳನ್ನು ಕೂಡಿಸಿ ಗೆರೆ ಎಳೆದರೆ ವೃತ್ತ ಎಲ್ಲಿ ಬರಬೇಕು? ಯಾರೋ ಹರಿದು ತಿಂದು ಬಿಟ್ಟ ಜೋಳದ ರೊಟ್ಟಿಯ ಆಕಾರ ಬಂತು. ಇದಕ್ಕೆ ಸಾಫ್ಟ್‌ವೇರ್ ಇದೆ, ಗೊತ್ತು. ಆದರೆ ಹಿಂದಿನ ಗೇಟಿಗೆ ಬೀಗ ಹಾಕಿದೆ ಅಂತ ಸಾಫ್ಟ್‌ವೇರ್‌ಗೆ ಯಾರು ಹೇಳುತ್ತಾರೆ?

ಫುಟ್‌ಪಾತನ್ನೂ ಟೇಪ್ ಹಿಡಿದು ಅಳೆದೆವು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ನಡೆಯಲು ಕನಿಷ್ಠ 1.8 ಮೀಟರ್ ಖಾಲಿ ಜಾಗ ಇರಬೇಕು, ಅಂಚಿನ ಕಲ್ಲು 150 ಮಿಲಿಮೀಟರ್‌ಗಿಂತ ಎತ್ತರ ಇರಬಾರದು. ಅಗಲ ಬಹಳ ಕಡೆ ಇತ್ತು. ಆದರೆ ಆ ಅಗಲದೊಳಗೆ ಕರೆಂಟ್ ಡಬ್ಬಿ, ಬೋರ್ಡಿನ ಕಂಬ, ನಿಂತ ಸ್ಕೂಟರ್ ಎಲ್ಲ ಸೇರಿದ್ದವು. ತಳ್ಳುಗಾಡಿಯ ತಾಯಿ ಸುಮ್ನೆ ಡಾಂಬರಿಗೇ ಇಳಿದುಬಿಟ್ಟರು.

ಒಂದು ಸೊಸೈಟಿಯ ಹಿಂದಿನ ಗೇಟು ತೆಗೆದರೆ ಸ್ಟೇಷನ್ ಎದುರಿಗೇ ಬರುತ್ತದೆ. ಮುಚ್ಚಿದರೆ ಇಡೀ ಬ್ಲಾಕ್ ಸುತ್ತಬೇಕು. ಸೆಕ್ರೆಟರಿ ಸಾಹೇಬರಿಗೆ ಕಳ್ಳರ ಭಯ ಅಂತ ಎಲ್ಲರೂ ಅಂದುಕೊಂಡಿದ್ದರು. ಮಾತಾಡಿಸಿದಾಗ ಗೊತ್ತಾಯಿತು, ಅವರ ಸಿಟ್ಟು ಬೇರೆ. ಮೆಟ್ರೋಗೆ ಬರುವವರು ಇವರ ಓಣಿಯಲ್ಲಿ ಬೈಕ್ ನಿಲ್ಲಿಸಿ ಹೋಗುತ್ತಾರೆ, ಸಂಜೆವರೆಗೂ ತೆಗೆಯುವುದಿಲ್ಲ. ಅಲ್ಲಿ ಚೌಕಾಸಿಗೆ ದಾರಿ ಸಿಕ್ಕಿತು. ಓಣಿಗೆ ಪಿ1, ಪಿ2 ಬೋರ್ಡು ಹಾಕಿಸಿ ಅಂತ ನಾವು ಅರ್ಜಿ ಕೊಡುವುದು. ಒಂದು ದಿನ ಈ ಬದಿ, ಮರುದಿನ ಆ ಬದಿ ಗಾಡಿ ನಿಲ್ಲಿಸುವ ಪದ್ಧತಿ ಅದು, ಪುಣೆಯವರಿಗೆ ಗೊತ್ತೇ ಇದೆ. ಬದಲಿಗೆ ಅವರು ಮನುಷ್ಯರು ಮಾತ್ರ ನುಸುಳುವಂಥ ಸಣ್ಣ ಗೇಟು ಮಾಡಿಸುವುದು, ಬೆಳಿಗ್ಗೆಯಿಂದ ರಾತ್ರಿ ಹತ್ತರವರೆಗೆ ತೆಗೆದಿಡುವುದು. ಒಪ್ಪಿದರು. ಬೋರ್ಡು ಬರುವುದು ತಡವಾಯಿತು, ಗೇಟು ಮೊದಲೇ ಆಯಿತು. ಸೆಕ್ರೆಟರಿಯವರು ಈಗಲೂ ನನ್ನ ಕಂಡರೆ ಆ ಬೋರ್ಡಿನ ಮಾತು ತೆಗೆಯುತ್ತಾರೆ.

ಆದರೆ ಗೇಟು ಬೇಡಿಕೊಂಡು ಪಡೆದದ್ದು. ಕಮಿಟಿ ಬದಲಾದರೆ ಮತ್ತೆ ಬೀಗ ಬೀಳಬಹುದು. ಗಟ್ಟಿಯಾಗಿ ದಾರಿ ಪಡೆಯಬೇಕೆಂದರೆ ರೀಡೆವಲಪ್‌ಮೆಂಟ್ ಸಮಯವೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಕೋಥ್ರೂಡ್‌ನಲ್ಲಿ ಹಳೆ ಕಟ್ಟಡಗಳನ್ನು ಬಿಲ್ಡರ್‌ಗೆ ಕೊಟ್ಟು ಹೊಸದು ಕಟ್ಟಿಸಿಕೊಳ್ಳುವ ಸೊಸೈಟಿಗಳಿಗೆ ಲೆಕ್ಕವಿಲ್ಲ. ಕಾಂಪೌಂಡ್ ಗೋಡೆ ಬೀಳುವುದು ಆಗ ಒಂದೇ ಸಲ. ಹೊಸ ಪ್ಲಾನ್ ಮಂಜೂರಾಗುವ ಮೊದಲು, ಕಟ್ಟಡಕ್ಕೂ ಗೋಡೆಗೂ ನಡುವೆ ಖಾಲಿ ಬಿಡುವ ಮಾರ್ಜಿನ್ ಜಾಗದಲ್ಲಿ ಒಂದು ಕಾಲುದಾರಿ ಬಿಡಿಸಿಕೊಂಡರೆ ಮುಂದಿನ ಐವತ್ತು ವರ್ಷ ಅದು ಉಳಿಯುತ್ತದೆ. ಮೆಟ್ರೋ ಇದೆ ಅಂತ ಜಾಸ್ತಿ ಎಫ್ಎಸ್ಐ ತೆಗೆದುಕೊಂಡು, ಕೆಳಗೆ ಮೂರು ಅಂತಸ್ತು ಕಾರ್ ಪಾರ್ಕಿಂಗ್ ಕಟ್ಟಿ, ಸ್ಟೇಷನ್ ಕಡೆ ಗೋಡೆ ಏರಿಸಿದರೆ ಏನು ಬಂತು? ಆ ಫ್ಲಾಟಿನವರು ಕಾರಿನಲ್ಲೇ ಹೊರಬೀಳುತ್ತಾರೆ, ಮತ್ತೆ ಪೌಡ್ ರಸ್ತೆಯ ಸಿಗ್ನಲ್ಲಿಗೇ ಬರುತ್ತಾರೆ.

ಎರಡು ಸೊಸೈಟಿಗಳ ಸಭೆಗೆ ಹೋಗಿ ಇದನ್ನೇ ಹೇಳಿದೆ. ಒಂದು ಕಡೆ ಬಿಲ್ಡರ್‌ಗೆ ಕೊಡುವ ಟೆಂಡರ್ ಕಾಗದದಲ್ಲೇ ಕಾಲುದಾರಿಯನ್ನು ಬರೆಸಿದರು. ಸ್ಟೇಷನ್‌ಗೆ ನೇರ ದಾರಿ ಇದ್ದರೆ ಫ್ಲಾಟಿನ ರೇಟು ಏರುತ್ತದೆ ಅನ್ನುವ ಮಾತು ಅಲ್ಲಿ ಕೆಲಸ ಮಾಡಿತು. ಪರಿಸರ, ಟ್ರಾಫಿಕ್ ಅಂತ ಹೇಳಿದ್ದಕ್ಕೆ ಯಾರೂ ತಲೆ ಎತ್ತಿರಲಿಲ್ಲ! ಇನ್ನೊಂದು ಕಡೆ ಚಹಾ ಕೊಟ್ಟು ಕಳಿಸಿದರು.

ಈ ಕೆಲಸದಲ್ಲಿ ನನಗೆ ಹೆಚ್ಚು ಕಲಿಸಿದ್ದು ಸೊಸೈಟಿಗಳಲ್ಲ, ಮಜೂರ್ ಅಡ್ಡಾ, ಅಂದರೆ ದಿನಗೂಲಿಯವರು ಕೆಲಸಕ್ಕೆ ಕಾದು ನಿಲ್ಲುವ ಜಾಗ. ಸ್ಟೇಷನ್‌ನಿಂದ ಸ್ವಲ್ಪ ಮುಂದೆ ಒಂದು ಚೌಕದಲ್ಲಿ ಬೆಳಿಗ್ಗೆ ಏಳರಿಂದ ಜನ ಸೇರುತ್ತಾರೆ. ಗಾರೆ ಕೆಲಸದವರು, ಬಣ್ಣದವರು, ಅಗೆಯುವವರು. ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯವರೇ ಬಹಳ. ಮೇಸ್ತ್ರಿಗಳು ಟೆಂಪೋ ತಂದು, ಕೂಲಿ ಮಾತಾಡಿ, ಕರೆದುಕೊಂಡು ಹೋಗುತ್ತಾರೆ. ಹತ್ತರ ಹೊತ್ತಿಗೆ ಚೌಕ ಖಾಲಿ.

ಡಿಪಿ ಮಾಡುವ ಮೊದಲು ಈಗಿರುವ ಭೂಬಳಕೆಯ ಸರ್ವೆ ಮಾಡಬೇಕು ಅಂತ 1966ರ ಎಂಆರ್‌ಟಿಪಿ ಕಾಯ್ದೆಯಲ್ಲೇ, ಅಂದರೆ ಮಹಾರಾಷ್ಟ್ರದ ನಗರ ಯೋಜನೆ ಕಾಯ್ದೆಯಲ್ಲೇ ಇದೆ. ಆ ಸರ್ವೆಯ ನಕ್ಷೆಯಲ್ಲಿ ಮನೆಗೆ ಹಳದಿ, ಅಂಗಡಿಗೆ ನೀಲಿ, ರಸ್ತೆಗೆ ಬೂದು ಬಣ್ಣ. ಈ ಚೌಕ ಬರೀ ಬೂದು. ಅಷ್ಟು ಜನರ ದಿನದ ದುಡಿಮೆ ನಿರ್ಧಾರವಾಗುವ ಪೇಟೆ ಯಾವ ಬಣ್ಣದಲ್ಲೂ ಇಲ್ಲ. ಹಾಗಾಗಿ ಅದಕ್ಕೆ ನೆರಳಿಲ್ಲ, ಶೌಚಾಲಯ ಇಲ್ಲ, ಟೆಂಪೋ ನಿಲ್ಲಲು ಜಾಗ ಇಲ್ಲ. ಟೆಂಪೋ ರಸ್ತೆಯಲ್ಲೇ ನಿಲ್ಲುತ್ತದೆ, ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತದೆ.

ನಾನು ಫಾರ್ಮ್ ಹಿಡಿದುಕೊಂಡು ಕನ್ನಡದಲ್ಲಿ ಮಾತಾಡಿಸಿದ ಕೂಡಲೇ ಸುತ್ತ ಜನ ಸೇರಿದರು. ಮೆಟ್ರೋದಲ್ಲಿ ಹೋಗ್ತೀರಾ ಅಂತ ಕೇಳಿದೆ. ಒಬ್ಬ ಹೆಣ್ಣುಮಗಳು ತಿರುಗಿ ನನ್ನನ್ನೇ ಕೇಳಿದಳು: “ಸಲಿಕಿ, ಬುಟ್ಟಿ ಹಿಡಕೊಂಡ್ ಬಂದ್ರ ಒಳಗ ಬಿಡ್ತಾರೇನ್ರಿ ಅಕ್ಕಾರ? ಕೂಸು ಬ್ಯಾರೆ ಕಂಕುಳಾಗ ಇರ್ತೈತಿ.” ಈ ಪ್ರಶ್ನೆಗೆ ನನ್ನ ಫಾರ್ಮಿನಲ್ಲಿ ಕಾಲಂ ಇರಲಿಲ್ಲ. ಆಕೆಗೆ ಬೇಕಾದದ್ದು ಮೆಟ್ರೋ ಅಲ್ಲ. ವಸ್ತಿಯಿಂದ ಇಳಿಯುವ ಮೆಟ್ಟಿಲಿಗೆ ಒಂದು ದೀಪ, ಅಂಗನವಾಡಿ ದಾರಿಯಲ್ಲೇ ಸಿಗುವುದು, ಅಡ್ಡಾದಲ್ಲಿ ಒಂದು ಶೌಚಾಲಯ. ಈ ಮೂರರಲ್ಲಿ ಸಾರಿಗೆ ಯಾವುದು, ಭೂಬಳಕೆ ಯಾವುದು ಅಂತ ಬಿಡಿಸಲು ಹೋದರೆ ಕೆಲಸವೇ ಆಗುವುದಿಲ್ಲ.

ಪುಣೆಯಲ್ಲಿ ನಾಗರಿಕರು ಬಜೆಟ್‌ಗೆ ಸಣ್ಣ ಕೆಲಸಗಳನ್ನು ಸೂಚಿಸುವ ಪದ್ಧತಿ 2006ರ ಸುಮಾರಿನಿಂದ ಇದೆ. ಮೆಟ್ಟಿಲಿನ ದೀಪ, ಶೌಚಾಲಯ ಎರಡನ್ನೂ ಆ ಫಾರ್ಮಿನಲ್ಲಿ ಬರೆದು ವಾರ್ಡ್ ಆಫೀಸಿಗೆ ಕೊಟ್ಟೆವು. ದೀಪ ಬಂತು. ಶೌಚಾಲಯಕ್ಕೆ ಜಾಗದ ತಕರಾರು, ಇನ್ನೂ ಫೈಲಿನಲ್ಲಿದೆ. ಬಸ್ ಸ್ಟಾಪನ್ನು ಸ್ಟೇಷನ್ ಮೆಟ್ಟಿಲಿನ ಹತ್ತಿರಕ್ಕೆ ತರಿಸುವುದು ಎಲ್ಲಕ್ಕಿಂತ ಸುಲಭವಾಗಿ ಆದ ಕೆಲಸ. ಅರ್ಜಿ, ಫೋಟೋ, ಅಳತೆಯ ನಕ್ಷೆ, ಅಷ್ಟೇ.

ಅಡ್ಡಾದ ಟೆಂಪೋಗಳಿಗೆ ಹತ್ತಿರದಲ್ಲೇ ಪಾರ್ಕಿಂಗಿಗೆ ಮೀಸಲಾದ ಒಂದು ಖಾಲಿ ಪ್ಲಾಟ್ ಡಿಪಿಯಲ್ಲಿ ಸಿಕ್ಕಿತು. ಬೆಳಗಿನ ಹೊತ್ತು ಅದನ್ನು ಅವರಿಗೆ ಬಿಟ್ಟು, ಸಂಜೆ ತರಕಾರಿ ಗಾಡಿಗಳಿಗೆ ಕೊಡಬಹುದು ಅಂತ ಬರೆದಿದ್ದೇವೆ. ಬೀದಿ ವ್ಯಾಪಾರಿಗಳ 2014ರ ಕಾಯ್ದೆಯಲ್ಲಿ ಮಾರಾಟದ ಜಾಗ ಗುರುತಿಸಲು ಪಟ್ಟಣ ಸಮಿತಿ ಇದೆ, ಅದರಲ್ಲಿ ವ್ಯಾಪಾರಿಗಳೂ ಕೂರುತ್ತಾರೆ. ಹಾಗಾಗಿ ಸಂಜೆಯ ಪಾಲಿಗೆ ಕಾನೂನಿನ ಆಧಾರ ಇದೆ. ಬೆಳಗಿನ ಪಾಲಿಗೆ ಇಲ್ಲ. ಅಡ್ಡಾದ ಫೋಟೋಗಳು, ಗಂಟೆಗಂಟೆಗೆ ಎಣಿಸಿದ ತಲೆಗಳ ಲೆಕ್ಕ, ಟೆಂಪೋ ನಿಲ್ಲುವ ಜಾಗದ ನಕ್ಷೆ ಎಲ್ಲ ಒಂದೇ ಫೈಲಿನಲ್ಲಿ ಹಾಕಿಟ್ಟಿದ್ದೇನೆ. ಮುಂದಿನ ಸಲ ಭೂಬಳಕೆಯ ಸರ್ವೆಗೆ ಬರುವವರಿಗೆ ಅದನ್ನೇ ಕೊಡುವುದು. ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೇ ಕೊಡುವುದು.