ಹೊಳೆದಂಡೆಯ ನಮ್ಮ ತೊಟ್ಟಿ ಮನೆಗೆ ಅತಿಥಿಗಳು ಬಂದ ಮೇಲೆ

ನಮ್ಮ ಮನೆಗೆ ಬಂದವರನ್ನು ಅಟ್ಟಕ್ಕೆ ಕರೆದುಕೊಂಡು ಹೋದರೆ ತುಂಬಾ ಜನ ಒಂದೇ ಪ್ರಶ್ನೆ ಕೇಳುತ್ತಾರೆ. "ಈ ಮನೆ 1865ರದ್ದಾ?" ಹಂಚಿನ ಒಳಮೈ ಮೇಲೆ ಹಾಗಂತ ಅಚ್ಚು ಇದೆ, ಅದಕ್ಕೇ. ಅದು ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ನಮ್ಮ ಮನೆ ಕಟ್ಟಿಸಿದ್ದು ನನ್ನ ಮಾವನ ಅಜ್ಜ. ಮೊದಲು ಸೋಗೆ ಮಾಡು ಇತ್ತಂತೆ. ಹಂಚು ಆಮೇಲೆ ಎತ್ತಿನ ಗಾಡಿಯಲ್ಲಿ ಆಗುಂಬೆ ಘಾಟಿ ಹತ್ತಿ ಬಂತು ಅಂತ ಅತ್ತೆ ಹೇಳುತ್ತಾರೆ.

ಶೃಂಗೇರಿ ದಾಟಿ ತುಂಗೆ ಹರಿಹರಪುರದ ಕಡೆ ಹರಿಯುವ ದಾರಿಯಲ್ಲಿ ನಮ್ಮ ಊರು. ಹಿತ್ತಿಲ ಬಾಗಿಲು ತೆಗೆದರೆ ಅಡಿಕೆ ತೋಟ. ತೋಟ ದಾಟಿದರೆ ಹೊಳೆಗೆ ಇಳಿಯಲು 32 ಕಲ್ಲು ಮೆಟ್ಟಿಲು. ಮನೆ ದೊಡ್ಡದು, ಇರುವವರು ನಾವು ಐದು ಜನ. ತೋಟಕ್ಕೆ ಹಳದಿ ಎಲೆ ರೋಗ ಬಂದು ಫಸಲು ವರ್ಷ ವರ್ಷ ಇಳಿಯುತ್ತಾ ಹೋಯಿತು. ಈ ರೋಗವನ್ನು ಪೂರ್ತಿ ವಾಸಿ ಮಾಡುವ ಮದ್ದು ಇಲ್ಲ. ಶೃಂಗೇರಿ, ಕೊಪ್ಪದ ಎಷ್ಟೋ ಮನೆಗಳ ಕಥೆ ಇದೇ. ಮನೆ ಮಾರುವ ಮಾತೂ ಒಮ್ಮೆ ಬಂತು. ಮುಂಡಿಗೆ ಕಂಬ, ಬಾಗಿಲುಗಳನ್ನು ಬಿಡಿಸಿ ಒಯ್ಯುವ ವ್ಯಾಪಾರಿಗಳು ಬಂದು ಮರ ಬಡಿದು ನೋಡಿ ಹೋದರು. ಆ ರಾತ್ರಿ ಅತ್ತೆ ಊಟ ಮಾಡಲಿಲ್ಲ. ಮೂರು ಕೋಣೆ ಅತಿಥಿಗಳಿಗೆ ಬಿಟ್ಟುಕೊಡೋಣ ಅಂತ ನಾನು ಹೇಳಿದ್ದು ಮರುದಿನ ಬೆಳಿಗ್ಗೆ.

ಶುರುವಿನಲ್ಲೇ ಎರಡು ತಪ್ಪು ಮಾಡಿದೆವು. ಇಂಥ ಮನೆ ಇರುವವರಿಗೆ ಉಪಯೋಗವಾಗಲಿ ಅಂತ ವಿವರವಾಗಿ ಹೇಳುತ್ತೇನೆ.

ಪೇಟೆಯವರಿಗೆ ಚೆಂದ ಕಾಣಲಿ ಅಂತ ಒಂದು ಕೋಣೆಯ ಕಾವಿ ನೆಲ ಒಡೆಸಿ ಟೈಲ್ಸ್ ಹಾಕಿಸಿದೆವು. ಜೂನ್ ಬಂತು, ಟೈಲ್ಸ್ ಬೆವರತೊಡಗಿತು. ಮಲೆನಾಡಿನ ಮಳೆಗಾಲದ ಗಾಳಿಯಲ್ಲಿ ಅಷ್ಟು ತೇವ ಇರುತ್ತದೆ. ತಣ್ಣಗಿನ, ನುಣ್ಣಗಿನ ನೆಲ ಸಿಕ್ಕರೆ ಅದು ನೀರಾಗಿ ಕೂರುತ್ತದೆ. ಎಷ್ಟು ಒರೆಸಿದರೂ ಅಷ್ಟೇ. ನಮ್ಮ ಮೊದಲ ಮಳೆಗಾಲದ ಅತಿಥಿ, ವಯಸ್ಸಾದ ಹೆಂಗಸು, ಅಲ್ಲಿ ಜಾರಿ ಬಿದ್ದರು. ಪುಣ್ಯಕ್ಕೆ ಮೂಳೆಗೆ ಏನೂ ಆಗಲಿಲ್ಲ. ನನಗೆ ಮಾತ್ರ ವಾರಗಟ್ಟಲೆ ನಿದ್ದೆ ಬರಲಿಲ್ಲ.

ಎರಡನೆಯದು ಸಿಮೆಂಟ್. ಮಣ್ಣಿನ ಗೋಡೆ ಉದುರುತ್ತಿದೆ ಅಂತ ಅದರ ಮೇಲೆ ಸಿಮೆಂಟ್ ಗಾರೆ ಮಾಡಿಸಿದೆವು. ಮಣ್ಣಿನ ಗೋಡೆ ನೆಲದಿಂದ ತೇವ ಎಳೆದುಕೊಳ್ಳುತ್ತದೆ, ಬಿಸಿಲು ಬಂದಾಗ ಹೊರಗೆ ಬಿಡುತ್ತದೆ. ಸಿಮೆಂಟ್ ಆ ದಾರಿ ಮುಚ್ಚಿಬಿಡುತ್ತದೆ. ಒಂದೇ ಮಳೆಗಾಲಕ್ಕೆ ಗಾರೆ ಉಬ್ಬಿ, ತಟ್ಟಿದರೆ ಟೊಳ್ಳು ಸದ್ದು ಬರುತ್ತಿತ್ತು. ಆಮೇಲೆ ಹಪ್ಪಳದ ಹಾಗೆ ಕಳಚಿ ಬಿತ್ತು, ಜೊತೆಗೆ ಒಳಗಿನ ಮಣ್ಣೂ ಬಂತು. ಅದೆಲ್ಲ ಕೆತ್ತಿಸಿ ಸುಣ್ಣದ ಗಾರೆ ಮಾಡಿಸಿದೆವು. ಸುಣ್ಣವನ್ನು ನೀರಿನಲ್ಲಿ ಅರಳಿಸಿ ವಾರಗಟ್ಟಲೆ ನೆನೆಹಾಕಬೇಕು, ಮರಳು ಸೇರಿಸಿ ಕಲಸುವಾಗ ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕಬೇಕು. ಈ ಕೆಲಸ ಗೊತ್ತಿದ್ದವರು ನಮ್ಮ ಸುತ್ತಮುತ್ತ ಒಬ್ಬರೇ ಉಳಿದಿದ್ದರು. ಅವರು ತಮ್ಮ ಮಗನನ್ನೂ ಕರೆದುಕೊಂಡು ಬಂದು, ಕಲಿಸುತ್ತಲೇ ಕೆಲಸ ಮಾಡಿದರು. ಆ ಗೋಡೆ ಇವತ್ತಿಗೂ ಗಟ್ಟಿಯಾಗಿದೆ.

ಬದಲಾಯಿಸಲೇಬೇಕಾದದ್ದು ಶೌಚಾಲಯ. ಅದನ್ನು ಮನೆಗೆ ತಾಗಿದ ಹಾಗೆ ಹೊಸದಾಗಿ ಕಟ್ಟಿಸಿದೆವು. ಸ್ನಾನಕ್ಕೆ ಮಾತ್ರ ಹಳೇ ಬಚ್ಚಲು ಮನೆ. ಗೀಸರ್ ಹಾಕಿಸಿ ಅಂತ ಎಲ್ಲರೂ ಹೇಳಿದರು. ನಾನು ಒಪ್ಪಲಿಲ್ಲ. ತಾಮ್ರದ ಹಂಡೆ, ಕೆಳಗೆ ಅಡಿಕೆ ಸಿಪ್ಪೆಯ ಬೆಂಕಿ, ಆ ಹೊಗೆ ವಾಸನೆ. ಆಗಸ್ಟ್‌ನಲ್ಲಿ ಮೂರು ದಿನ ಕರೆಂಟ್ ಇಲ್ಲದಿದ್ದರೂ ನಮ್ಮಲ್ಲಿ ಬಿಸಿನೀರಿಗೆ ಬರ ಇಲ್ಲ. ಬಚ್ಚಲೊಲೆ ಮುಂದೆ ಬೆನ್ನು ಕಾಯಿಸಿಕೊಂಡು ಕೂತ ಮಕ್ಕಳನ್ನು ಎಬ್ಬಿಸೋದೇ ಕಷ್ಟ.

ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ, ಪೊಲೀಸ್ ಠಾಣೆಯ ಕಾಗದ ಎಲ್ಲ ನಮ್ಮನೆಯವರು ಓಡಾಡಿ ಮಾಡಿಸಿದರು. ವಿದೇಶದವರು ಬಂದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಅವರ ವಿವರ ತುಂಬಬೇಕು. ಇದನ್ನು ಮರೆಯಬಾರದು.

ಬಂದವರು ಮೊದಲು ಜಗಲಿ ಮೇಲೆ ಕೂರುತ್ತಾರೆ. ಅತ್ತೆ ಒಳಗಿನಿಂದಲೇ "ಆಸರಿಗೆ ಎಂತ ಬೇಕು?" ಅಂತ ಕೇಳುತ್ತಾರೆ. ಬೇಸಿಗೆಯಾದರೆ ಬೆಲ್ಲ ನೀರು ಅಥವಾ ಮಜ್ಜಿಗೆ, ಮಳೆಗಾಲವಾದರೆ ಕಷಾಯ. ಊಟದ ಪಟ್ಟಿ ನಾವು ಕೊಡುವುದಿಲ್ಲ. ನಮಗೆ ಮಾಡಿದ್ದೇ ಅವರಿಗೂ. ಒಂದೆಲಗದ ತಂಬುಳಿ, ಅಪ್ಪೆಮಿಡಿ, ಮೇ ತಿಂಗಳಲ್ಲಿ ಹಲಸಿನ ಕಡುಬು, ಮಳೆ ಹಿಡಿದ ಮೇಲೆ ಪತ್ರೊಡೆ, ಎಳೆ ಬಿದಿರಿನ ಕಳಲೆ. ಕಳಲೆ ಹೆಚ್ಚಿ, ನೀರು ಬದಲಾಯಿಸುತ್ತಾ ಎರಡು ಮೂರು ದಿನ ನೆನೆಸದೆ ತಿನ್ನುವ ಹಾಗಿಲ್ಲ. ಹಾಗಾಗಿ ಶನಿವಾರ ಬರುವವರಿಗೆ ನಾನು ಬುಧವಾರವೇ ಅಡುಗೆ ಶುರು ಮಾಡಿರುತ್ತೇನೆ. ಅಡಿಕೆ ಸುಗ್ಗಿಯಲ್ಲಿ ಬಂದವರು ರಾತ್ರಿ ಸುಲಿಯುವವರ ಪಕ್ಕ ಕೂರುತ್ತಾರೆ. ಮೆಟ್ಟುಕತ್ತಿ ಮುಟ್ಟುವ ಮೊದಲು ಒಂದು ಗಂಟೆ ಸುಮ್ನೆ ನೋಡಿ ಅಂತ ಹೇಳುತ್ತೇವೆ.

ಹೊಳೆಯ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಯಾರೂ ನೀರಿಗೆ ಇಳಿಯುವ ಹಾಗಿಲ್ಲ. ನಮ್ಮಲ್ಲಿ ಬಿಸಿಲಿದ್ದರೂ ಮೇಲೆ ಕೆರೆಕಟ್ಟೆ ಊರಿನ ಕಡೆ ಮಳೆ ಹೊಡೆದರೆ ಸಾಕು, ನೀರು ಏರುತ್ತದೆ. ಮೊದಲು ತರಗೆಲೆ ತೇಲಿ ಬರುತ್ತದೆ, ಆಮೇಲೆ ನೀರು ಕೆಂಪಾಗುತ್ತದೆ. ಅಷ್ಟು ಹೊತ್ತಿಗೆ ದಡದಲ್ಲಿರಬೇಕು. ಒಮ್ಮೆ ನಾಲ್ಕು ಹುಡುಗರು ನಮ್ಮ ಮಾತು ಮೀರಿ ನಡುಹೊಳೆಯ ಬಂಡೆ ಮೇಲೆ ಹೋಗಿ ಕೂತಿದ್ದರು. ನೀರಿನ ಬಣ್ಣ ನೋಡಿದ ಅತ್ತೆ ತೋಟದಿಂದಲೇ ಕೂಗಿದರು: "ಏಳ್ರೋ, ಈಗಲೇ ಬನ್ನಿ!" ಅವರು ಬಂದ ಮೇಲೆ, ಮೈ ಒರೆಸಿಕೊಳ್ಳುವಷ್ಟರಲ್ಲಿ ಆ ಬಂಡೆ ಕಾಣಲಿಲ್ಲ. ನಾಲ್ವರೂ ಅತ್ತೆಯ ಕಾಲು ಹಿಡಿದರು. ಅತ್ತೆ ಬೈಯಲಿಲ್ಲ, ಕೂರಿಸಿ ಕಾಫಿ ಕೊಟ್ಟರು. ಅಂದಿನಿಂದ ಬಂದವರನ್ನು ಕೋಣೆಗೂ ಮೊದಲು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಎಷ್ಟು ಮೆಟ್ಟಿಲು ಮುಳುಗಿದೆ ಅಂತ ಎಣಿಸುತ್ತೇವೆ. 2019ರ ಆಗಸ್ಟ್‌ನಲ್ಲಿ ಎಣಿಸಲು ಒಂದೂ ಉಳಿದಿರಲಿಲ್ಲ, ನೀರು ತೋಟದೊಳಗೆ ನಿಂತಿತ್ತು.

ಏಪ್ರಿಲ್ ರಜೆಯಲ್ಲಿ ಒಂದು ಪುಟ್ಟ ಹುಡುಗಿ ಅಪ್ಪ ಅಮ್ಮನ ಜೊತೆ ಬಂದು ಎಂಟು ದಿನ ಇದ್ದಳು. ನಮ್ಮ ಅಡುಗೆಮನೆಗೆ ಅಟ್ಟ ಇಲ್ಲ. ಮಾಡಿನಲ್ಲಿ ಒಂದೇ ಒಂದು ಗಾಜಿನ ಹಂಚು. ಅದರಿಂದ ಬಿಸಿಲು ಅಂಗೈ ಅಗಲ ನೆಲದ ಮೇಲೆ ಬೀಳುತ್ತದೆ. ಒಲೆಯ ಹೊಗೆ ಆ ಬಿಸಿಲಿನಲ್ಲಿ ನಿಧಾನಕ್ಕೆ ಸುತ್ತುತ್ತಾ ಮೇಲೇರುತ್ತದೆ. ಅತ್ತೆ ಗಡಿಯಾರ ನೋಡುವುದಿಲ್ಲ. ಬಿಸಿಲು ಒರಳಿನ ಹತ್ತಿರ ಬಂದಾಗ ಅನ್ನಕ್ಕೆ ಇಡುತ್ತಾರೆ. ಹುಡುಗಿ ಇದನ್ನು ಕಂಡುಹಿಡಿದು, ದಿನಾ ಅದರ ಮುಂದೆ ಕೂತು ಸೀಮೆಸುಣ್ಣದಲ್ಲಿ ಗೆರೆ ಎಳೆದಳು. "ಅಜ್ಜಿ, ಈಗ ಅಕ್ಕಿ ತೊಳೀರಿ" ಅಂತ ಹೇಳುವುದು ಅವಳ ಕೆಲಸವಾಯಿತು.

ಡಿಸೆಂಬರ್‌ನಲ್ಲಿ ಮತ್ತೆ ಬಂದಳು. ಬ್ಯಾಗ್ ಇಳಿಸದೆ ಸೀದಾ ಅಡುಗೆಮನೆಗೆ ಓಡಿದಳು. ನೆಲದ ಗೆರೆ ಒರೆಸಿ ಹೋಗಿತ್ತು. ಬಿಸಿಲೂ ಅಲ್ಲಿರಲಿಲ್ಲ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ ಅಲ್ವಾ, ಬಿಸಿಲು ಒರಳು ದಾಟಿ ಉತ್ತರದ ಗೋಡೆ ಹತ್ತಿತ್ತು. ಅವಳ ಮುಖ ಸಣ್ಣದಾಯಿತು. ಅತ್ತೆ ಅವಳ ಕೈಗೆ ಪೆನ್ಸಿಲ್ ಕೊಟ್ಟು, "ಗೋಡೆ ಮೇಲೆ ಬರಿ ಮಗಾ, ಇದು ಅಳಿಸೂದಿಲ್ಲ" ಅಂದರು.

ಈ ಸಲ ಯುಗಾದಿಗೆ ಮೊದಲು ಗೋಡೆಗೆ ಸುಣ್ಣ ಬಳಿಯಲು ಆಳು ಬಂದಿದ್ದರು. ಆ ಒಂದು ಗೇಣು ಜಾಗ ಬಿಟ್ಟು ಬಳಿಯಿರಿ ಅಂತ ಅತ್ತೆ ಪಕ್ಕದಲ್ಲೇ ನಿಂತು ಹೇಳಿದರು.