ಎರೆಹೊಲದಲ್ಲಿ ಆಟೋಗೈಡಿಂಗ್: ನನ್ನ ಅನುಭವ

2032 ಮಿ.ಮೀ. ನಾಭಿದೂರದ ಎಂಟು ಇಂಚಿನ ಶ್ಮಿಡ್ಟ್-ಕ್ಯಾಸೆಗ್ರೇನ್ ದೂರದರ್ಶಕಕ್ಕೆ 3.76 ಮೈಕ್ರಾನ್ ಪಿಕ್ಸೆಲ್‌ಗಳ ಕ್ಯಾಮೆರಾ ಜೋಡಿಸಿದರೆ, ಒಂದು ಪಿಕ್ಸೆಲ್ಲಿಗೆ ಆಕಾಶದ 0.38 ಆರ್ಕ್‌ಸೆಕೆಂಡ್ (ಡಿಗ್ರಿಯ 3600ರಲ್ಲೊಂದು ಭಾಗ ಒಂದು ಆರ್ಕ್‌ಸೆಕೆಂಡ್) ಮಾತ್ರ ಸಿಗುತ್ತದೆ. ಆಕಾಶವಾದರೋ ಸೆಕೆಂಡಿಗೆ ಸುಮಾರು 15 ಆರ್ಕ್‌ಸೆಕೆಂಡಿನಂತೆ ಸರಿಯುತ್ತಿರುತ್ತದೆ. ಐದು ನಿಮಿಷದ ಎಕ್ಸ್‌ಪೋಶರ್‌ನಲ್ಲಿ ನಕ್ಷತ್ರ ದುಂಡಗೆ ಉಳಿಯಬೇಕಾದರೆ, ದೂರದರ್ಶಕವನ್ನು ಹೊತ್ತು ಆಕಾಶದ ಜೊತೆ ತಿರುಗಿಸುವ ಮೌಂಟ್‌ನ ಗೇರುಗಳನ್ನಷ್ಟೇ ನಂಬುವಂತಿಲ್ಲ. ಇನ್ನೊಂದು ಕ್ಯಾಮೆರಾ ಒಂದು ನಕ್ಷತ್ರದ ಮೇಲೆ ಕಣ್ಣಿಟ್ಟು, ಅದು ಸರಿದಾಗಲೆಲ್ಲ ಮೌಂಟನ್ನು ತಿದ್ದುತ್ತಿರಬೇಕು. ಇದೇ ಆಟೋಗೈಡಿಂಗ್; ಹಾಗೆ ಕಣ್ಣಿಡುವ ಕ್ಯಾಮೆರಾ ಗೈಡರ್, ಆ ನಕ್ಷತ್ರ ಗೈಡ್ ನಕ್ಷತ್ರ. ಆದರೂ ಕಲಬುರಗಿಯಿಂದ ಚಿಂಚೋಳಿಯ ಕಡೆಗಿರುವ ನಮ್ಮ ಹೊಲದಲ್ಲಿ ನಾನು ಹೆಚ್ಚು ಹೊತ್ತು ವ್ಯಯಿಸುವುದು ಸಾಫ್ಟ್‌ವೇರಿನ ಮುಂದಲ್ಲ, ಅದಕ್ಕೆ ತಿದ್ದುವ ಕೆಲಸವೇ ಕಡಿಮೆ ಉಳಿಯುವಂತೆ ಮಾಡುವುದರಲ್ಲಿ.

ಮೊದಲನೆಯದು ನೆಲ. ತೊಗರಿ ಕಟಾವಾದ ಮೇಲೆ ಎರೆಮಣ್ಣು ಬಿರುಕುಬಿಟ್ಟು ಸಡಿಲಗೊಳ್ಳುವುದರಿಂದ, ಭಾರ ಬಿದ್ದ ಟ್ರೈಪಾಡ್ ಕಾಲುಗಳು ರಾತ್ರಿಯಿಡೀ ಸ್ವಲ್ಪಸ್ವಲ್ಪವೇ ಇಳಿಯುತ್ತವೆ. ಪ್ರತಿ ಕಾಲಿನ ಕೆಳಗೂ ದಪ್ಪನೆಯ ಶಹಾಬಾದಿ ಫರಸಿಯ ತುಂಡೊಂದನ್ನು ಗಟ್ಟಿಯಾಗಿ ಕೂರಿಸುತ್ತೇನೆ. ನಮ್ಮ ಭಾಗದಲ್ಲಿ ಇದಕ್ಕಿಂತ ಸುಲಭವಾಗಿ ಸಿಗುವ ಪರಿಹಾರವಿಲ್ಲ.

ಎರಡನೆಯದು ಧ್ರುವ ಜೋಡಣೆ, ಅಂದರೆ ಮೌಂಟ್ ತಿರುಗುವ ಅಕ್ಷವನ್ನು ಆಕಾಶದ ಧ್ರುವಕ್ಕೆ ಗುರಿಯಿಡುವುದು. ನಮ್ಮಲ್ಲಿ ಧ್ರುವನಕ್ಷತ್ರ ದಿಗಂತದಿಂದ ಸುಮಾರು 17 ಡಿಗ್ರಿ ಮಾತ್ರ ಮೇಲಿದ್ದು, ಧೂಳಿನಲ್ಲಿಯೋ ಬೇವಿನ ಮರದ ಹಿಂದೆಯೋ ಮರೆಯಾಗುತ್ತದೆ. ಕಂಡಾಗಲೂ ವಾತಾವರಣದ ವಕ್ರೀಭವನ ಅದನ್ನು ಸುಮಾರು 3 ಆರ್ಕ್‌ಮಿನಿಟ್ (ಡಿಗ್ರಿಯ 60ರಲ್ಲೊಂದು ಭಾಗ ಒಂದು ಆರ್ಕ್‌ಮಿನಿಟ್) ಎತ್ತಿ ತೋರಿಸುತ್ತದೆ. ಆದ್ದರಿಂದ ಅದನ್ನು ಸ್ಥೂಲ ಜೋಡಣೆಗಷ್ಟೇ ಬಳಸಿ, ಮಧ್ಯಾಹ್ನರೇಖೆಯ (ಉತ್ತರ-ದಕ್ಷಿಣವಾಗಿ ನೆತ್ತಿಯ ಮೇಲೆ ಹಾಯುವ ಗೆರೆ) ಮತ್ತು ಪೂರ್ವ ದಿಗಂತದ ಕಡೆಯ ನಕ್ಷತ್ರಗಳ ಸರಿತವನ್ನು, ಅಂದರೆ ನಿಧಾನ ಸರಿಯುವಿಕೆಯನ್ನು, ಗಮನಿಸುವ ಡ್ರಿಫ್ಟ್ ವಿಧಾನದಿಂದ ಮುಗಿಸುತ್ತೇನೆ. ಜೋಡಣೆಯಲ್ಲಿ 1 ಆರ್ಕ್‌ಮಿನಿಟ್ ತಪ್ಪಿದರೆ ನಿಮಿಷಕ್ಕೆ ಹೆಚ್ಚೆಂದರೆ 0.26 ಆರ್ಕ್‌ಸೆಕೆಂಡ್ ಸರಿತ ಬರುತ್ತದೆ. ಅದನ್ನು ಗೈಡರ್ ತಿದ್ದಬಲ್ಲದು. ಚಿತ್ರ ಗೈಡ್ ನಕ್ಷತ್ರದ ಸುತ್ತ ತಿರುಗುವುದನ್ನು ಮಾತ್ರ ತಿದ್ದಲಾರದು. ಇಷ್ಟು ಕಡಿಮೆ ಅಕ್ಷಾಂಶದಲ್ಲಿ ತೂಕದ ದಂಡ ಟ್ರೈಪಾಡ್ ಕಾಲಿಗೆ ತಗಲುವ ತೊಂದರೆಯೂ ಇರುವುದರಿಂದ, ಟ್ರೈಪಾಡ್ ಮತ್ತು ಮೌಂಟ್ ನಡುವೆ ಗಿಡ್ಡ ಕಂಬವೊಂದನ್ನು ಹಾಕಿಸಿದ್ದೇನೆ.

ಈ ನಾಭಿದೂರಕ್ಕೆ, ಗೈಡರಿಗೆಂದೇ ಪಕ್ಕದಲ್ಲಿ ಕೂರಿಸುವ ಸಣ್ಣ ದೂರದರ್ಶಕವಾದ ಪ್ರತ್ಯೇಕ ಗೈಡ್‌ಸ್ಕೋಪ್ ಬೇಡವೆಂಬುದು ನನ್ನ ದೃಢ ಅಭಿಪ್ರಾಯ. ಶ್ಮಿಡ್ಟ್-ಕ್ಯಾಸೆಗ್ರೇನಿನ ಮುಖ್ಯ ಕನ್ನಡಿ, ಕೊಳವೆಯ ವಾಲುವಿಕೆಗೆ ತಕ್ಕಂತೆ ತುಸು ಜರುಗುತ್ತದೆ. ಪಕ್ಕದ ಗೈಡ್‌ಸ್ಕೋಪಿಗೆ ಅದು ಕಾಣುವುದೇ ಇಲ್ಲ, ಗೈಡಿಂಗಿನ ಗ್ರಾಫ್ ಸೊಗಸಾಗಿದ್ದರೂ ಚಿತ್ರದಲ್ಲಿ ನಕ್ಷತ್ರ ಉದ್ದವಾಗುತ್ತದೆ. ಆಫ್-ಆಕ್ಸಿಸ್ ಗೈಡರ್ ಅದೇ ಬೆಳಕಿನ ಅಂಚಿನಿಂದ ಸಣ್ಣ ಪ್ರಿಸಂ ಮೂಲಕ ಸ್ವಲ್ಪ ಭಾಗವನ್ನು ಕದಿಯುವುದರಿಂದ ಕನ್ನಡಿಯ ಜರುಗುವಿಕೆಯನ್ನೂ ಹಿಡಿಯುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಇಕ್ಕಟ್ಟಾದ ನೋಟ: ಕನ್ಯಾ ರಾಶಿಯ ಗೆಲಕ್ಸಿಗಳ ಸುತ್ತ ನಕ್ಷತ್ರಗಳು ವಿರಳವಾಗಿದ್ದು, ಸಂಜೆಯೇ ನಕ್ಷೆ ನೋಡಿ ಗೈಡರನ್ನು ಯಾವ ಕೋನಕ್ಕೆ ತಿರುಗಿಸಬೇಕೆಂದು ನಿರ್ಧರಿಸಿಕೊಳ್ಳಬೇಕಾಗುತ್ತದೆ.

ಗೈಡಿಂಗಿಗೆ ನಾನು ಬಳಸುವುದು ಉಚಿತವಾಗಿ ಸಿಗುವ ಪಿಎಚ್‌ಡಿ2 ಸಾಫ್ಟ್‌ವೇರ್. ಕ್ಯಾಲಿಬ್ರೇಶನ್ನನ್ನು (ಮೌಂಟ್ ಯಾವ ಕಡೆ, ಎಷ್ಟು ಸರಿಯುತ್ತದೆಂದು ಸಾಫ್ಟ್‌ವೇರಿಗೆ ಕಲಿಸುವುದು) ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿರುವ ಖಗೋಳ ವಿಷುವದ್ವೃತ್ತದ ಬಳಿ, ಮಧ್ಯಾಹ್ನರೇಖೆಯ ಸಮೀಪ ಮಾಡುತ್ತೇನೆ. ಗೈಡ್ ಎಕ್ಸ್‌ಪೋಶರ್ 3 ಸೆಕೆಂಡ್. ಇಷ್ಟು ಇರದಿದ್ದರೆ, ಮಾರ್ಚ್ ತಿಂಗಳಲ್ಲಿ ಕಾದ ನೆಲ ಮಧ್ಯರಾತ್ರಿವರೆಗೂ ಬಿಸಿ ಬಿಡುತ್ತಿರುವಾಗ ಮೌಂಟ್ ಗಾಳಿಯ ನಡುಕದ ಹಿಂದೆ ಓಡತೊಡಗುತ್ತದೆ. ತಿದ್ದುವಿಕೆಯ ತೀವ್ರತೆಯನ್ನೂ ಇದೇ ಕಾರಣಕ್ಕೆ ತಗ್ಗಿಸಿರುತ್ತೇನೆ. ಪೂರ್ವದ ಕಡೆ ತುಸು ಹೆಚ್ಚು ತೂಕ ಬಿಟ್ಟರೆ ಗೇರಿನ ಹಲ್ಲುಗಳು ಕಚ್ಚಿಕೊಂಡೇ ಇರುತ್ತವೆ. ಉತ್ತರ-ದಕ್ಷಿಣ ಅಕ್ಷದ ಗೇರುಗಳಲ್ಲಿ ಸಡಿಲವಿರುವುದರಿಂದ, ಸರಿತ ಯಾವ ಕಡೆಗೆಂದು ಗಮನಿಸಿ ಅದಕ್ಕೆದುರಾಗಿ ಒಂದೇ ದಿಕ್ಕಿನ ತಿದ್ದುವಿಕೆಗೆ ಅವಕಾಶ ಕೊಡುತ್ತೇನೆ.

ಒಟ್ಟು ಆರ್‌ಎಂಎಸ್ (ಗೈಡಿಂಗಿನ ಸರಾಸರಿ ತಪ್ಪಿನ ಅಳತೆ) 0.8 ಆರ್ಕ್‌ಸೆಕೆಂಡಿನ ಆಸುಪಾಸಿನಲ್ಲಿ ನಿಂತರೆ ಕೈಹಚ್ಚುವುದನ್ನು ಬಿಡುತ್ತೇನೆ. ಇಲ್ಲಿಯ ಗಾಳಿಯಲ್ಲಿ ನಕ್ಷತ್ರದ ಬಿಂಬವೇ 2-3 ಆರ್ಕ್‌ಸೆಕೆಂಡ್ ಹರಡಿಕೊಂಡಿರುವಾಗ ಅದಕ್ಕಿಂತ ಬಿಗಿಯಾದ ಅಂಕಿಯಿಂದ ಹೆಚ್ಚಿನ ಲಾಭವಿಲ್ಲ. ಸೊಂಬ್ರೆರೊ ಗೆಲಕ್ಸಿಯ ಧೂಳಿನ ಪಟ್ಟಿ ಇಷ್ಟರಲ್ಲಿಯೇ ಸ್ಪಷ್ಟವಾಗಿ ಮೂಡಿದೆ.